ಅಮ್ಮನ ದನಿಯ ಮೇಲೆ ಸ್ಟೀರಿಯೋ

ಇರುವುದನ್ನು ಚೆಂದ ಮಾಡುತ್ತೇವೆಂದು ಹೊರಟವರಿಂದ ಹಾಳಾದಷ್ಟು ವಸ್ತುಗಳು, ಕೆಡಿಸಲೆಂದೇ ಬಂದವರಿಂದ ಹಾಳಾಗಿರಲಾರವು. ಹಳೆಯ ಗುಡಿಯ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿಯುವವರನ್ನು ನಾವೆಲ್ಲ ನೋಡಿದ್ದೇವೆ. ಅವರಿಗೆ ಭಕ್ತಿ ಇಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ಭಕ್ತಿ ಹೆಚ್ಚಾಗಿಯೇ ಬಣ್ಣದ ಡಬ್ಬಿ ತಂದಿರುತ್ತಾರೆ. ಇಂಥದೇ ಭಕ್ತರು ಇಂಗ್ಲೆಂಡ್, ಜರ್ಮನಿ, ಅಮೆರಿಕಗಳಲ್ಲೂ ಇದ್ದಾರೆ. ಹಳೆಯ ಪ್ರೊಜೆಕ್ಟರುಗಳನ್ನು ಜೋಪಾನ ಮಾಡಿಟ್ಟುಕೊಂಡು, ಮನೆಮಂದಿಯ ಹಳೆಯ ಫಿಲ್ಮುಗಳಿಗೆ ಹೊಸದಾಗಿ ಸ್ಟೀರಿಯೋ ಶಬ್ದ ತುಂಬುವವರು ಇವರು. ನನ್ನ ಜಗಳ ಇವರೊಡನೆ.

ವಿಷಯ ಏನೆಂದು ಮೊದಲು ಹೇಳಿಬಿಡುತ್ತೇನೆ. ಮನೆಯವರೇ ಸಿನಿಮಾ ತೆಗೆದುಕೊಳ್ಳಲೆಂದು ಅಮೆರಿಕದ ಕೊಡಕ್ ಕಂಪನಿ 1965ರಲ್ಲಿ ಸೂಪರ್ 8 ಎಂಬ ಫಿಲ್ಮನ್ನು ತಂದಿತು. ಎಂಟು ಮಿಲಿಮೀಟರು ಅಗಲ, ಒಂದು ಡಬ್ಬಿಯಲ್ಲಿ 50 ಅಡಿ. ಸೆಕೆಂಡಿಗೆ 18 ಚಿತ್ರದಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡಿನಲ್ಲಿ ಮುಗಿದೇಹೋಗುತ್ತದೆ. ಮಗುವಿನ ಹುಟ್ಟುಹಬ್ಬ, ಕಡಲ ತೀರ, ಕ್ರಿಸ್‌ಮಸ್ ಊಟ, ಎಲ್ಲವೂ ಅಷ್ಟರಲ್ಲೇ ಆಗಬೇಕು. ಮೊದಲಿಗೆ ಇವೆಲ್ಲ ಮೂಕಚಿತ್ರಗಳು. 1973ರಲ್ಲಿ ಮಾತನ್ನೂ ಹಿಡಿಯುವ ಫಿಲ್ಮು ಬಂತು. ಅದರ ಒಂದು ಅಂಚಿಗೆ ನಮ್ಮ ಕ್ಯಾಸೆಟ್ಟಿನ ಟೇಪಿನಲ್ಲಿ ಇದ್ದಂಥದೇ ಕಂದು ಬಣ್ಣದ ಲೇಪದ ಪಟ್ಟಿ. ಕ್ಯಾಮೆರಾಕ್ಕೆ ಸಿಕ್ಕಿಸಿದ ಮೈಕಿನಿಂದ ಬಂದ ದನಿ ಆ ಪಟ್ಟಿಯ ಮೇಲೆ ಕೂರುತ್ತಿತ್ತು. ಇನ್ನೊಂದು ಅಂಚಿನಲ್ಲಿ ಅದಕ್ಕಿಂತ ಕಿರಿದಾದ ಮತ್ತೊಂದು ಪಟ್ಟಿ. ಇದು ಶಬ್ದಕ್ಕೆಂದು ಇಟ್ಟದ್ದಲ್ಲ. ಒಂದೇ ಕಡೆ ಪಟ್ಟಿ ಇದ್ದರೆ ಸುರುಳಿ ಸುತ್ತುವಾಗ ಆ ಕಡೆ ಉಬ್ಬುತ್ತದಲ್ಲ, ಅದನ್ನು ಸರಿದೂಗಿಸಲು ಇಟ್ಟದ್ದು. ಆಮೇಲೆ ಜಪಾನಿನ ಎಲ್ಮೊ, ಆಸ್ಟ್ರಿಯದ ಯೂಮಿಗ್ ಮುಂತಾದ ಕಂಪನಿಗಳ ಪ್ರೊಜೆಕ್ಟರುಗಳು ಈ ಕಿರುಪಟ್ಟಿಯ ಮೇಲೂ ಶಬ್ದ ಮುದ್ರಿಸತೊಡಗಿದವು. ಎರಡು ಪಟ್ಟಿ, ಎರಡು ಶಬ್ದ, ಅದೇ ಸ್ಟೀರಿಯೋ.

ಈ ಹವ್ಯಾಸಿಗಳನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ತಯಾರಿ ನಿಂತು ದಶಕಗಳೇ ಕಳೆದ ಯಂತ್ರಕ್ಕೆ ಬೆಲ್ಟು ಹುಡುಕಿ, ಎಣ್ಣೆ ಬಿಟ್ಟು, ಶಬ್ದದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಓಡಿಸುವುದು ತಾಳ್ಮೆಯ ಕೆಲಸ. ಸೂಪರ್ 8ರಲ್ಲಿ ಚಿತ್ರಕ್ಕೂ ಅದರ ದನಿಗೂ 18 ಚಿತ್ರಗಳ ಅಂತರವಿರುತ್ತದೆ. ಅದನ್ನೆಲ್ಲ ಲೆಕ್ಕ ಹಾಕಿ ತುಟಿಗೆ ಮಾತು ಕೂಡಿಸುವುದು ಜಡೆ ಹೆಣೆದಷ್ಟೇ ಸೂಕ್ಷ್ಮ. ಅದಲ್ಲದೆ, ಅಂಗಡಿಯಲ್ಲಿ ಮಾರಿದ ಸಿನಿಮಾ ತುಣುಕುಗಳೂ ಈ ಫಿಲ್ಮಿನಲ್ಲಿ ಬರುತ್ತಿದ್ದವು. 1977ರ ‘ಸ್ಟಾರ್ ವಾರ್ಸ್’ ಕೂಡ ಹಾಗೆ ಕೆಲವು ನಿಮಿಷಕ್ಕೆ ಇಳಿದು ಮನೆಗಳಿಗೆ ಬಂದಿತ್ತು. ಅಂಥದರ ಮೇಲಿನ ಸಪ್ಪೆ ಶಬ್ದವನ್ನು ಅಳಿಸಿ ಡಿವಿಡಿಯಿಂದ ಸ್ಟೀರಿಯೋ ತುಂಬಿಕೊಂಡರೆ ಯಾರ ಗಂಟು ಹೋಯಿತು? ಆ ಸಿನಿಮಾದ ಶಬ್ದ ಪ್ರಪಂಚದಲ್ಲಿ ಸಾವಿರಾರು ಕಡೆ ಇದೆ.

ಅದೇ ಕೈ ಮನೆಯ ಫಿಲ್ಮಿನ ಕಡೆಗೆ ಚಾಚಿದಾಗ ನನಗೆ ಎದೆ ಧಸಕ್ಕೆನ್ನುತ್ತದೆ. ಕ್ಯಾಮೆರಾ ಹಿಡಿದ ದನಿ ಇರುವುದು ಅಗಲವಾದ ಪಟ್ಟಿಯ ಮೇಲೆ ಮಾತ್ರ. ಸ್ಟೀರಿಯೋ ಬೇಕೆಂದರೆ ಅಗಲ ಪಟ್ಟಿ, ಕಿರುಪಟ್ಟಿ ಎರಡರ ಮೇಲೂ ಹೊಸದಾಗಿ ಮುದ್ರಿಸಬೇಕು. ರೆಕಾರ್ಡ್ ಗುಂಡಿ ಒತ್ತಿದೊಡನೆ ಅಳಿಸುವ ಹೆಡ್ಡು ಮೊದಲು ತನ್ನ ಕೆಲಸ ಮುಗಿಸುತ್ತದೆ, ಹೊಸ ಸಂಗೀತ ಅದರ ಬೆನ್ನಿಗೆ ಬಂದು ಕೂರುತ್ತದೆ. ಕ್ಯಾಸೆಟ್ಟಿನಲ್ಲಾದರೆ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದು ‘ಇನ್ನು ಇದನ್ನು ಅಳಿಸಕೂಡದು’ ಎಂದು ಕಾವಲು ಹಾಕಬಹುದಿತ್ತು. ಫಿಲ್ಮಿಗೆ ಅಷ್ಟು ಕಾವಲೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತೂ ಹೋಗದೆ ಉಳಿಯುವ ಉಪಾಯವೊಂದು ಸಿಕ್ಕಿದಾಗ, ಅದನ್ನು ನಾವೇ ಕೈಯಾರೆ ಒಡೆಯುವುದೆ?

ಹಾಗೆ ಅಳಿಸಿಹೋಗುವ ದನಿ ಯಾರದೆಂದು ಕೊಂಚ ಯೋಚಿಸಿ. ಕ್ಯಾಮೆರಾ ಹೆಚ್ಚಾಗಿ ಅಪ್ಪನ ಕೈಯಲ್ಲಿ. ಅದರೆದುರು ಮಕ್ಕಳು, ಅವರ ಹಿಂದೆ ತಟ್ಟೆ ಹಿಡಿದ ಅಮ್ಮ. ‘ಸಾಕು ನಿಲ್ಲಿಸಿ, ನನ್ನ ತಲೆಗೂದಲು ಸರಿಯಿಲ್ಲ’ ಅನ್ನುವವಳು, ‘ಮೆಲ್ಲಗೆ, ಬಿದ್ದೀಯ’ ಅನ್ನುವವಳು, ಅಡಿಗೆಮನೆಯಿಂದ ಪಾತ್ರೆ ಸದ್ದಿನ ನಡುವೆ ಎಲ್ಲರನ್ನೂ ಊಟಕ್ಕೆ ಕರೆಯುವವಳು ಅವಳೇ. ತಾಂತ್ರಿಕ ಭಾಷೆಯಲ್ಲಿ ಇದಕ್ಕೆಲ್ಲ ಗದ್ದಲ ಎಂದು ಹೆಸರು. ಗದ್ದಲ ತೆಗೆದು ಪಿಟೀಲು ತುಂಬುತ್ತಾರೆ. ಹೆಂಗಸಿನ ಮಾತು ಗದ್ದಲದ ಲೆಕ್ಕಕ್ಕೆ ಸೇರುವುದು ಹೊಸದೇನಲ್ಲ, ಆದರೆ ಯಂತ್ರವೂ ಅದಕ್ಕೆ ಸಾಕ್ಷಿ ಹಾಕಬೇಕೆ?

ಅವರ ಸಮರ್ಥನೆಗಳು ನನಗೆ ಗೊತ್ತು. ಹಳೆಯ ಶಬ್ದ ಬರೀ ‘ಹಿಸ್’ ಎನ್ನುತ್ತದೆ, ಕೇಳಲು ಹಿತವಿಲ್ಲ ಎನ್ನುತ್ತಾರೆ. ಹಿತವಿಲ್ಲ, ನಿಜ. ಅಜ್ಜಿಯ ಸೀರೆಗೂ ತೂತು ಬಿದ್ದಿರುತ್ತದೆ. ಅದಕ್ಕೆಂದು ಅದನ್ನು ಹರಿದು ಹಾಕಿ ಅದೇ ಬಣ್ಣದ ನೈಲಾನ್ ಸೀರೆ ಮಡಿಸಿಡುವವರನ್ನು ನಾನು ಕಾಣೆ. ನಮ್ಮ ಫಿಲ್ಮು, ನಮ್ಮ ಇಷ್ಟ ಎಂಬುದು ಎರಡನೆಯ ಮಾತು. ಫಿಲ್ಮು ನಿಮ್ಮದಿರಬಹುದು. ಅದರೊಳಗಿನ ದನಿ ನಿಮ್ಮೊಬ್ಬರದೆ? ನಾಳೆ ಆ ದನಿ ಕೇಳಬೇಕೆಂದು ಬರುವ ಮೊಮ್ಮಗಳಿಗೂ ಅದರಲ್ಲಿ ಪಾಲಿದೆ. ಮೂರನೆಯದು, ಮೂಕಚಿತ್ರಕ್ಕೆ ಶಬ್ದ ಸೇರಿಸುವುದೂ ತಪ್ಪೇನು ಎಂಬ ಪ್ರಶ್ನೆ. ಖಂಡಿತ ತಪ್ಪಲ್ಲ. ಅಮೆರಿಕದ ರಾಬಿನ್ಸ್ ಬಾರ್‌ಸ್ಟೊ ಎಂಬವರು 1956ರಲ್ಲಿ ತಮ್ಮ ಸಂಸಾರದ ಡಿಸ್ನಿಲ್ಯಾಂಡ್ ಪ್ರವಾಸವನ್ನು ಚಿತ್ರಿಸಿಕೊಂಡಿದ್ದರು. 1995ರಲ್ಲಿ ಅದಕ್ಕೆ ತಮ್ಮದೇ ದನಿಯಲ್ಲಿ ಕತೆ ಹೇಳಿ ಸೇರಿಸಿದರು. 2008ರಲ್ಲಿ ‘ಡಿಸ್ನಿಲ್ಯಾಂಡ್ ಡ್ರೀಮ್’ ಎಂಬ ಆ ಮನೆಚಿತ್ರ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೇ ಸೇರಿತು. ಅಲ್ಲಿ ಇಲ್ಲದ ಕಡೆ ದನಿ ಬಂತು. ನಾನು ಬೇಡವೆನ್ನುವುದು ಇದ್ದ ದನಿಯನ್ನು ಹೊರಗೆ ಹಾಕಿ ಆ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದನ್ನು.

ಸಮುದ್ರದಾಚೆಯ ಫಿಲ್ಮಿನ ಕತೆ ನಮಗೇಕೆಂದು ನೀವು ಕೇಳಬಹುದು. ಸೂಪರ್ 8 ನಮ್ಮ ಊರುಗಳ ಬಹಳ ಮನೆಗಳಿಗೆ ಬರಲಿಲ್ಲ. ಬಂದದ್ದು ಮದುವೆಯ ವಿಡಿಯೋ ಕ್ಯಾಸೆಟ್. 1980ರ, 90ರ ದಶಕದ ಯಾವುದಾದರೂ ಮದುವೆಯ ಕ್ಯಾಸೆಟ್ ಹಾಕಿ ನೋಡಿ. ಹಸೆಮಣೆಯ ಸುತ್ತ ಮುತ್ತೈದೆಯರು ನಿಂತಿದ್ದಾರೆ, ಅವರ ಬಾಯಿ ಆಡುತ್ತಿದೆ. ಕೇಳಿಸುವುದು ಮಾತ್ರ ಆ ವರ್ಷದ ಸಿನಿಮಾ ಹಾಡು. ಬೀಗರನ್ನು ಛೇಡಿಸುವ ಹಾಡೋ, ಸೋಬಾನೆಯೋ, ಆರತಿಯ ಹಾಡೋ, ದೇವರೇ ಬಲ್ಲ. ಹಾಡಿದ ಅತ್ತೆ, ದೊಡ್ಡಮ್ಮಂದಿರಲ್ಲಿ ಎಷ್ಟೋ ಜನ ಈಗಿಲ್ಲ. ಆ ಹಾಡು ಬರೆದಿಟ್ಟವರೂ ಇಲ್ಲ. ಮೂಗಿಗಿಂತ ಮೂಗುತಿ ಭಾರವಾಯಿತು ಎಂದರೆ ಇದೇ. ಈಗ ಮೊಬೈಲಿನಲ್ಲೂ ಅದೇ ನಡೆದಿದೆ. ಮಗು ಮೊದಲ ಬಾರಿಗೆ ‘ಅಮ್ಮ’ ಅಂದ ತುಣುಕಿನ ಶಬ್ದ ತೆಗೆದು ಹಾಡು ಹಾಕಿ ಸ್ಟೇಟಸ್ಸಿಗೆ ಏರಿಸಿ, ಮೂಲವನ್ನು ಜಾಗ ಸಾಲದೆಂದು ಅಳಿಸಿಬಿಡುತ್ತೇವೆ.

ಪ್ರೊಜೆಕ್ಟರಿನವರಿಗೆ ದಾರಿಯಿಲ್ಲವೆಂದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ದಾರಿ ಅವರ ಯಂತ್ರದಲ್ಲೇ ಇದೆ. ಎಲ್ಮೊದಂಥ ಪ್ರೊಜೆಕ್ಟರುಗಳಲ್ಲಿ ಎರಡು ಪಟ್ಟಿಗಳ ಮೇಲೂ ಬೇರೆ ಬೇರೆಯಾಗಿ ಮುದ್ರಿಸಬಹುದು. ಸಂಗೀತ ಕಿರುಪಟ್ಟಿಯ ಮೇಲೆ ಹೋಗಲಿ, ಅಮ್ಮ ಅಗಲ ಪಟ್ಟಿಯ ಮೇಲೆ ತನ್ನ ಪಾಡಿಗಿರಲಿ. ಪ್ರೊಜೆಕ್ಟರು ಎರಡನ್ನೂ ಸೇರಿಸಿಯೇ ಕೇಳಿಸುತ್ತದೆ. ಸ್ಟೀರಿಯೋ ಆಗಲೇಬೇಕೆಂದರೆ ಅದನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಚಿತ್ರದ ಜೊತೆ ಓಡಿಸಿ, ಪಟ್ಟಿಯನ್ನು ಮುಟ್ಟಬೇಡಿ. ಅದಕ್ಕೂ ಮೊದಲು, ಪಟ್ಟಿಯ ಮೇಲಿರುವ ದನಿಯನ್ನು ನಕಲು ಮಾಡಿ ಎರಡು ಕಡೆ ತೆಗೆದಿಡಿ. ಇದರಲ್ಲಿ ತಡ ಸಲ್ಲದು. ಅಸಿಟೇಟಿನ ಫಿಲ್ಮು ವಯಸ್ಸಾದಂತೆ ಹುಳಿ ವಾಸನೆ ಹೊಡೆದು, ಮುರುಟಿ ಹೋಗುತ್ತದೆ; ಲೇಪದಲ್ಲಿರುವ ಕಬ್ಬಿಣದ ಅಂಶ ಈ ರೋಗವನ್ನು ಬೇಗ ಬರಮಾಡುತ್ತದೆ. ದನಿ ಹೊತ್ತ ಪಟ್ಟಿಯೇ ಫಿಲ್ಮನ್ನು ತಿನ್ನುತ್ತಾ ಬರುವಾಗ ಮನುಷ್ಯರೂ ಕೈಜೋಡಿಸಬೇಕಾಗಿಲ್ಲ.

ನಾವು ಮಾಡಬೇಕಾದ್ದೂ ಇಷ್ಟೇ. ಬೀರುವಿನ ಮೇಲೆ ಧೂಳು ತಿನ್ನುತ್ತಿರುವ ಕ್ಯಾಸೆಟ್ಟುಗಳನ್ನು ಸಿ.ಡಿ.ಗೋ, ಪೆನ್‌ಡ್ರೈವಿಗೋ ಹಾಕಿಸಲು ಸ್ಟುಡಿಯೋಗೆ ಒಯ್ದಾಗ ‘ಹಾಡು ಸೇರಿಸಬೇಕಾ ಮೇಡಂ?’ ಎಂದು ಕೇಳುತ್ತಾರೆ. ಬೇಡ, ಇದ್ದದ್ದು ಇದ್ದ ಹಾಗೇ ಇರಲಿ ಎಂದು ಗಟ್ಟಿಯಾಗಿ ಹೇಳಿ. ಪಾತ್ರೆ ಬಿದ್ದ ಸದ್ದು, ಮಗು ಅತ್ತದ್ದು, ಚಿಕ್ಕಮ್ಮ ಶ್ರುತಿ ತಪ್ಪಿ ಹಾಡಿದ್ದು, ಎಲ್ಲವೂ ಇರಲಿ. ಶ್ರುತಿ ಸರಿಯಿರುವ ಹಾಡು ಬೇಕಾದರೆ ರೇಡಿಯೋದಲ್ಲಿ ಬರುತ್ತದೆ. ಚಿಕ್ಕಮ್ಮನ ಹಾಡು ಆ ಕ್ಯಾಸೆಟ್ಟಿನಲ್ಲಿ ಮಾತ್ರ ಇದೆ.