ಔಷಧಕ್ಕೆ ತತ್ತ್ವ ಬೇಡವೇ?

ದುಬೈ, ಅಬುಧಾಬಿಗಳ ನಮ್ಮ ಮನೆಗಳಲ್ಲಿ ಮಗಳು ಫಾರ್ಮಸಿಯ ಸ್ನಾತಕೋತ್ತರ ಪದವಿಗೆ ಸೇರಿದರೆ ಸಿಹಿ ಹಂಚುತ್ತೇವೆ. ತತ್ತ್ವಶಾಸ್ತ್ರ ಓದುತ್ತೇನೆಂದರೆ ‘ಅದರಿಂದ ವೀಸಾ ಸಿಗುತ್ತದೆಯೇ?’ ಎಂದು ಕೇಳುತ್ತೇವೆ. ಕೆಲಸ ಹೋದರೆ ದೇಶವನ್ನೇ ಬಿಡಬೇಕಾದವರ ಈ ಭಯ ಸುಳ್ಳಲ್ಲ. ಆದರೆ ಭಯವೇ ಮಕ್ಕಳ ಓದನ್ನು ನಿರ್ಧರಿಸಬೇಕೆ?

ಅರಬ್ಬಿಯಲ್ಲಿ ಬರೆದ ಇಬ್ನ್ ಸೀನಾ ವೈದ್ಯನೂ ಹೌದು, ತತ್ತ್ವಜ್ಞಾನಿಯೂ ಹೌದು. ಅವನ ‘ಕಾನೂನ್’ ರೋಗಗಳನ್ನೂ ಮದ್ದುಗಳನ್ನೂ ವಿವರಿಸುತ್ತದೆ. ‘ಗುಣಪಡಿಸುವಿಕೆ’ ಎಂಬರ್ಥದ ‘ಶಿಫಾ’ ಮಾತ್ರ ವೈದ್ಯಗ್ರಂಥವಲ್ಲ, ತತ್ತ್ವಗ್ರಂಥ. ಆ ಭಾಷೆಯ ನಾಡಿನಲ್ಲಿದ್ದೂ ನಾವು ಇವೆರಡನ್ನು ಬೇರ್ಪಡಿಸಿದ್ದೇವೆ.

ಭಾರತದ 1970ರ ಪೇಟೆಂಟ್ ಕಾಯ್ದೆ ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಏಕಸ್ವಾಮ್ಯ ನೀಡಿತು, ಔಷಧಕ್ಕಲ್ಲ. ಅಗ್ಗದ ಮಾತ್ರೆಗಳ ಉದ್ಯಮ ಬೆಳೆದದ್ದು ಅದರ ನೆರಳಿನಲ್ಲಿ. 2005ರಲ್ಲಿ ಔಷಧದ ಮೇಲಿನ ಪೇಟೆಂಟ್ ಮರಳಿತು. ಆದರೂ 2013ರಲ್ಲಿ ಸುಪ್ರೀಂ ಕೋರ್ಟು ಗ್ಲಿವೆಕ್ ಎಂಬ ಕ್ಯಾನ್ಸರ್ ಔಷಧಕ್ಕೆ ನೊವಾರ್ಟಿಸ್ ಕೋರಿದ ಪೇಟೆಂಟನ್ನು ನಿರಾಕರಿಸಿತು. ಜೀವ ಉಳಿಸುವ ಜ್ಞಾನ ಯಾರ ಸೊತ್ತು? ಈ ಪ್ರಶ್ನೆಗೆ ಪ್ರಯೋಗಾಲಯ ಉತ್ತರಿಸಲಾರದು. ಪ್ರಶ್ನಿಸಲು ಕಲಿಯದ ಔಷಧತಜ್ಞ ಕಂಪನಿಯ ಗುಮಾಸ್ತನಾಗಿ ಉಳಿಯುತ್ತಾನೆ.

ದಾರಿಗಳಿಲ್ಲವೆನ್ನುವಂತಿಲ್ಲ. 2006ರಲ್ಲಿ ಅಬುಧಾಬಿಗೆ ಬಂದ ಸೊರ್ಬೊನ್ ತತ್ತ್ವಶಾಸ್ತ್ರ ಕಲಿಸುತ್ತದೆ. 2000ದಿಂದ ದುಬೈಯಲ್ಲಿರುವ ನಮ್ಮ ಮಣಿಪಾಲದ ಸಂಸ್ಥೆ, 2010ರಲ್ಲಿ ತವರಿನಲ್ಲಿ ತತ್ತ್ವಶಾಸ್ತ್ರ ಮತ್ತು ಮಾನವಿಕಗಳ ಕೇಂದ್ರವನ್ನೇ ತೆರೆಯಿತು. ಫಾರ್ಮಸಿಯ ಪ್ರತಿ ಉನ್ನತ ಪದವಿಯಲ್ಲೂ ತರ್ಕ, ನೀತಿಶಾಸ್ತ್ರಗಳು ಕಡ್ಡಾಯವಾಗಲಿ ಎಂದು ಶುಲ್ಕ ಕಟ್ಟುವ ನಾವೇ ಒತ್ತಾಯಿಸಬೇಕು. ಔಷಧದಲ್ಲಿ ಪಿಎಚ್.ಡಿ. ಪಡೆದವರಿಗೂ ಸಿಗುವ ಬಿರುದು ‘ಡಾಕ್ಟರ್ ಆಫ್ ಫಿಲಾಸಫಿ’ ತಾನೇ?