ಅಜ್ಜಿ ಕಟ್ಟಿಟ್ಟ ಮುಡಿಪು

ಮೊನ್ನೆ ಆಫೀಸಿನಲ್ಲಿ ಎರಡು ದಿನ ರಜಾ ಕೇಳಿದಾಗ ಮ್ಯಾನೇಜರ್ ಕಾರಣ ಕೇಳಿದರು. 'ಪರ್ಸನಲ್ ವರ್ಕ್' ಅಂದೆ. ನಿಜ ಹೇಳಿದ್ದರೆ ನಕ್ಕುಬಿಡುತ್ತಿದ್ದರೇನೋ. ನಾನು ರಜಾ ಹಾಕಿದ್ದೇ ರಜಾ ಹೊಡೆಯೋಕೆ!

ನಮ್ಮ ಕಡೆಯವರಿಗೆ ಇದು ಗೊತ್ತು. ಮಲೆ ಮಹದೇಶ್ವರ ಬೆಟ್ಟದಲ್ಲಿ ಹೆಂಗಸರು ಪೊರಕೆ ಹಿಡಿದು ದೇವಸ್ಥಾನದ ಸುತ್ತ ಗುಡಿಸುತ್ತಾ ಬರುವ ಸೇವೆಗೆ 'ರಜಾ ಹೊಡೆಯೋದು' ಅಂತಾರೆ. ರಜ ಅಂದ್ರೆ ದೂಳು. ಈ ಹರಕೆ ಹೊತ್ತವಳು ನಾನಲ್ಲ, ನನ್ನಜ್ಜಿ. ಹೊತ್ತಿದ್ದು ಮಾತ್ರ ನನ್ನ ಹೆಸರಲ್ಲಿ.

ಅಜ್ಜಿ ಮಳವಳ್ಳಿ ಕಡೆಯವಳು. ಮದುವೆಯಾಗಿ ಬಂದ ವರ್ಷದಿಂದ ಮಂಡಿ ಕೈಕೊಡುವವರೆಗೂ ಶಿವರಾತ್ರಿಗೆ ಬೆಟ್ಟಕ್ಕೆ ನಡೆದೇ ಹೋದವಳು. ಕೊಳ್ಳೇಗಾಲದಿಂದಲೇ ಸುಮಾರು 80 ಕಿಲೋಮೀಟರ್. ಹನೂರು, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದರೆ ಅಲ್ಲಿಂದ ಮುಂದೆ ಘಾಟಿ. ತಲೆ ಮೇಲೆ ಅಕ್ಕಿ, ಬೇಳೆ ಗಂಟು. ಬಾಯಲ್ಲಿ 'ಉಘೇ ಉಘೇ ಮಾದಪ್ಪ'. ಮಾದಪ್ಪನಿಗೆ 77 ಮಲೆಗಳಿವೆ ಅಂತ ಹೇಳುವಾಗ ಅವಳ ದನಿ, ತನ್ನ ತವರಿನ ಆಸ್ತಿ ಎಣಿಸುವವರ ದನಿ.

ಶ್ರಾವಣ ಸೋಮವಾರ ಬಂದರೆ ನನಗೆ ಮುಜುಗರ. ಮನೆಯಲ್ಲಿ ಗದ್ದೆಯಿತ್ತು, ಕಣಜದಲ್ಲಿ ರಾಗಿಯಿತ್ತು. ಆದರೂ ಅಜ್ಜಿ ಹಣೆಗೆ ವಿಭೂತಿ ಬಳಿದುಕೊಂಡು ಐದು ಮನೆ ಬಾಗಿಲಲ್ಲಿ ನಿಂತು ಭಿಕ್ಷೆ ಎತ್ತುತ್ತಿದ್ದಳು. ಹಾಗೆ ಬಂದ ದವಸ ಸೇರಿಸಿ ಬೇಯಿಸಿ, ಮಾದಪ್ಪನ ಹೆಸರಲ್ಲಿ ಬಂದವರಿಗೆಲ್ಲ ಬಡಿಸುತ್ತಿದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ, "ನಮಗೇನು ಕಮ್ಮಿ ಅಂತ ಬೇಡ್ತೀಯ ಅಜ್ಜಿ, ನನ್ ಫ್ರೆಂಡ್ಸೆಲ್ಲ ನೋಡ್ತಾರೆ" ಅಂತ ಜಗಳ ಆಡಿದ್ದೆ.

"ವರ್ಸಕ್ಕೊಂದ್ ದಿನ ಕೈ ಚಾಚದು ಕಲ್ತ್ಕಬೇಕು ಮಗ. ಆಗ, ನಮ್ ಬಾಕ್ಲಿಗೆ ಬಂದ್ ನಿಂತೋರ್ ಮಕ ಚೆನ್ನಾಗ್ ಕಾಣ್ತದೆ" ಅಂದಿದ್ದಳು.

2016ರಲ್ಲಿ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಡೆಂಗೆ ಬಂದು ಪ್ಲೇಟ್‌ಲೆಟ್ ಇಳಿದು ಒಂದು ವಾರ ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದಾಗ ದೇವರ ಗೂಡಿನ ಮೊಳೆಗೆ ಹಳದಿ ಬಟ್ಟೆಯ ಒಂದು ಪುಟ್ಟ ಗಂಟು ನೇತಾಡುತ್ತಿತ್ತು. ಒಳಗೆ 11 ರೂಪಾಯಿ. "ನಿನ್ ಕೈಲಿ ರಜಾ ಹೊಡುಸ್ತೀನಿ ಅಂತ ಕಟ್ಟಿವ್ನಿ" ಅಂದಳು. ನನಗೆ ಸಿಟ್ಟು ಬಂತು. ನನ್ನನ್ನು ಕೇಳದೆ ನನ್ನ ಹೆಸರಲ್ಲಿ ಹರಕೆಯೇ? ವಾಸಿ ಮಾಡಿದ್ದು ಡಾಕ್ಟರು ತಾನೇ?

"ಹೂಂ ಕಣವ್ವ. ಡಾಕುಟ್ರಿಗೆ ದುಡ್ ಕೊಟ್ಟಾಯ್ತಲ್ಲ, ಇವ್ನಿಗೂ ಕೊಟ್ಬುಡು. ಯಾರ್ದೂ ಬಾಕಿ ಇರ್ಬಾರ್ದು."

ಆದರೆ ಹೋಗು ಅಂತ ಒಮ್ಮೆಯೂ ಬಲವಂತ ಮಾಡಲಿಲ್ಲ. ಅವಳಿಗೆ ಶರಣೆ ಸಂಕಮ್ಮನ ಕಥೆ ಅಂದರೆ ಪ್ರಾಣ. ಕಂಸಾಳೆಯವರು ಹಾಡುವ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಗಂಡ ಕಾಡಿಗೆ ಜೇನು ಕೀಳಲು ಹೋಗುವ ಮುಂಚೆ, ನನಗೆ ನಿಯತ್ತಾಗಿರ್ತೀನಿ ಅಂತ ಬಲಗೈ ಭಾಷೆ ಕೊಡು ಅಂತ ಪೀಡಿಸುತ್ತಾನೆ. ಅವಳು ಕೊಡುವುದಿಲ್ಲ. ಅವನು ಏನೆಲ್ಲ ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಕೊನೆಗೆ ಅವಳ ಕೈ ಹಿಡಿಯುವವನು ಮಾದಪ್ಪ. ಈ ಕಥೆ ಮುಗಿದಾಗಲೆಲ್ಲ ಅಜ್ಜಿಯದು ಒಂದೇ ಮಾತು: "ಭಾಷೆ ಅನ್ನದು ಕೇಳಿ ಈಸ್ಕಳದಲ್ಲ."

ಅದಕ್ಕೇ ಅವಳು ನನ್ನಿಂದ ಮಾತು ಕೇಳಲಿಲ್ಲ. ಮಾತು ಕೊಟ್ಟವಳು ನಾನೇ. ಕೆಲಸ ಸಿಕ್ಕಿ, ಸಾಲದಲ್ಲಿ ಕಾರು ಬಂದ ಖುಷಿಯಲ್ಲಿ, "ಈ ಶಿವರಾತ್ರಿಗೆ ನಿನ್ನನ್ನ ಕಾರಲ್ಲಿ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ ಅಜ್ಜಿ, ಮುಡಿಪೂ ಹಾಕಿ ಬರೋಣ" ಅಂದೆ.

ಆ ಶಿವರಾತ್ರಿಗೆ ಪ್ರಾಜೆಕ್ಟ್ ರಿಲೀಸ್ ಇತ್ತು. ಹಿಂದಿನ ರಾತ್ರಿ ಅಮ್ಮನಿಗೆ ಮೆಸೇಜ್ ಹಾಕಿದ್ದೆ. ಅಮ್ಮ ಅದನ್ನು ನೋಡಿದ್ದು ಮಾರನೇ ದಿನ ಮಧ್ಯಾಹ್ನ. ಅಷ್ಟರವರೆಗೆ ಅಜ್ಜಿ ಒಗೆದು ಮಡಿಸಿದ ಸೀರೆ ಉಟ್ಟು, ಗಂಟು ಪಕ್ಕದಲ್ಲಿಟ್ಟುಕೊಂಡು ಜಗಲಿ ಮೇಲೆ ಕೂತಿದ್ದಳಂತೆ. ಮರುವರ್ಷ ಗೆಳತಿಯ ಮದುವೆಗೆ ಹೋದೆ. ಅದರ ಮುಂದಿನ ವರ್ಷಕ್ಕೆ ನೆಪವೂ ಇಲ್ಲ, ಮರೆತೇಬಿಟ್ಟಿದ್ದೆ. ಊರಿಗೆ ಹೋದಾಗಲೆಲ್ಲ ಆ ಹಳದಿ ಗಂಟು ಕಣ್ಣಿಗೆ ಬೀಳುತ್ತಿತ್ತು. ಅಜ್ಜಿ ಅದರ ಸುದ್ದಿ ಎತ್ತುತ್ತಿರಲಿಲ್ಲ. "ಉಂಡಾ ಮಗ?" ಅಂತಷ್ಟೇ ಕೇಳುತ್ತಿದ್ದಳು.

ಹೋದ ಕಾರ್ತಿಕದಲ್ಲಿ ಅಜ್ಜಿ ತೀರಿಕೊಂಡಳು. ಸೋಮವಾರ ಸಂಜೆ ಧೂಪ ಹಾಕಿ, ಒಂದು ತುತ್ತು ಉಂಡು ಮಲಗಿದವಳು ಏಳಲಿಲ್ಲ. ಪುಣ್ಯವಂತೆ ಅಂದರು ಎಲ್ಲರೂ. ನನಗೆ ಮಾತ್ರ ಆ ಮೊಳೆ ಕಡೆ ನೋಡಲಾಗಲಿಲ್ಲ.

"ಬೆಟ್ಟಕ್ಕೆ ಹೋಗೋರು ಯಾರಾದ್ರೂ ಸಿಕ್ರೆ ಕಳಿಸ್ಬುಡಾನ, ಹುಂಡಿಗೆ ಹಾಕ್ತಾರೆ" ಅಂದಳು ಅಮ್ಮ. ನಾನು ಬೇಡ ಅಂದೆ.

ಅಮಾವಾಸ್ಯೆಯ ಹಿಂದಿನ ದಿನ ಬಸ್ಸಿನಲ್ಲಿ ಹೊರಟೆ. ಅಜ್ಜಿಯಿಲ್ಲದೆ ಆ ದಾರಿಯಲ್ಲಿ ಕಾರು ಓಡಿಸೋಕೆ ಮನಸ್ಸಾಗಲಿಲ್ಲ. ಬೆಟ್ಟದಲ್ಲಿ ಎಣ್ಣೆಮಜ್ಜನ ಸೇವೆಗೆ ಬಂದ ಜನವೋ ಜನ. ಹೊಸ ಪೊರಕೆ ಹಿಡಿದು ನಿಂತೆ. ಹೇಗೆ ಶುರು ಮಾಡಬೇಕೋ ಗೊತ್ತಾಗಲಿಲ್ಲ. ಯಾರಾದ್ರೂ ಫೋಟೋ ತೆಗೀತಾರಾ ಅಂತ ಸುತ್ತಲೂ ನೋಡಿದೆ. ಪಕ್ಕದಲ್ಲಿ ಗುಡಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ತಲೆ ಎತ್ತಿ ಹೇಳಿದರು: "ನೆಟ್ಗೆ ನಿಂತ್ಕಂಡ್ರೆ ದೂಳ್ ಹೋಗಲ್ಲ ಕಣವ್ವ, ಬಗ್ಗು."

ಬಗ್ಗಿದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಸೊಂಟ ಹಿಡಿಯಿತು. ಮೂವತ್ತಕ್ಕೂ ಹೆಚ್ಚು ಸಲ ಅಷ್ಟು ದೂರ ನಡೆದು ಬಂದು, ಆಮೇಲೆ ಇದನ್ನೂ ಮಾಡುತ್ತಿದ್ದಳಲ್ಲ ಅನ್ನಿಸಿ ಕಣ್ಣು ತುಂಬಿತು. ಮುಡಿಪನ್ನು ಹುಂಡಿಗೆ ಹಾಕಿದೆ.

ನನಗೆ ದೇವರಲ್ಲಿ ನಂಬಿಕೆ ಬಂತಾ? ಹಾಗೆ ಹೇಳಿದರೆ ಸುಳ್ಳಾಗುತ್ತೆ. ಮಾದಪ್ಪನ ಬಾಕಿ ತೀರಿರಬಹುದು. ಜಗಲಿ ಮೇಲೆ ಅರ್ಧ ದಿನ ಕಾದವಳ ಬಾಕಿ ತೀರಿಲ್ಲ, ತೀರುವುದೂ ಇಲ್ಲ. ಆದರೆ ಈಗ 'ಬರ್ತೀನಿ' ಅಂತ ಯಾರಿಗಾದರೂ ಹೇಳುವ ಮುಂಚೆ ಒಂದು ಕ್ಷಣ ಬಾಯಿ ಕಟ್ಟುತ್ತೆ. ಹೇಳಿದ ಮೇಲೆ ಹೋಗುತ್ತೇನೆ.

ಮನೆಗೆ ಬಂದು ನೋಡಿದರೆ ಮೊಳೆ ಖಾಲಿ. ಪೊರಕೆಯನ್ನು ಅಮ್ಮ ಒಳಗಿಟ್ಟುಕೊಂಡು, "ಇದ್ರಲ್ಲಿ ಮನೆ ಗುಡಿಸ್ಬ್ಯಾಡ" ಅಂದಳು. ಆಮೇಲೆ, ಥೇಟ್ ಅಜ್ಜಿಯ ಹಾಗೇ, "ಉಂಡಾ ಮಗ?" ಅಂದಳು.