ಶಾರದೆಯೆದುರು ಕನ್ನಡ, ಬಸ್ಸಿನಲ್ಲಿ ಇಂಗ್ಲಿಷ್ಷೇ?

ಕನ್ನಡದ ತರುಣರೇ,

ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುತ್ತೀರಿ. ಪರದೆ ಎಳೆದು ಮಲಗಿದರೆ ಬೆಳಗ್ಗೆ ಶೃಂಗೇರಿ. ತುಂಗೆಯ ಮೀನಿಗೆ ಮಂಡಕ್ಕಿ ಎಸೆದು, ಶಾರದೆಗೆ ಕೈಮುಗಿದು, ವಿದ್ಯಾಶಂಕರ ಗುಡಿಯ ಮುಂದೆ ಫೋಟೋ ಹೊಡೆಸಿಕೊಂಡು, ಮಠದ ಊಟ ಮುಗಿಸಿ ವಾಪಸು. ಒಳ್ಳೆಯದೇ, ಯಾರು ಬೇಡವೆಂದರು? ಆದರೆ ಆ ಎರಡು ದಿನದಲ್ಲಿ ಎಷ್ಟು ಕನ್ನಡ ಮಾತಾಡಿದಿರಿ, ಲೆಕ್ಕ ಹಾಕಿ ಹೇಳಿ!

ಕಳೆದ ಸಲ ನಾನು ಹೋದ ಬಸ್ಸಿನಲ್ಲಿ ಹತ್ತು ಜನರ ಗುಂಪೊಂದಿತ್ತು. ಹತ್ತೂ ಜನ ಕನ್ನಡದ ಮಕ್ಕಳೇ. ಮನೆಗೆ ಫೋನು ಮಾಡುವಾಗ ಗೊತ್ತಾಯಿತು. ಕಂಡಕ್ಟರ ಹತ್ತಿರ ಮಾತ್ರ ಇಂಗ್ಲಿಷ್! ಆ ಮಹಾರಾಯ ಒಂದೊಂದಕ್ಕೂ ಕನ್ನಡದಲ್ಲೇ ಉತ್ತರ ಕೊಟ್ಟ. ನಾಚಿಕೆಯಾಗಬೇಕಾದ್ದು ಯಾರಿಗೆ?

ಶೃಂಗೇರಿಯಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತಾರೆ. ಪುಟ್ಟ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ತೀಡಿಸುವಾಗ ಅಪ್ಪ ಅಮ್ಮನ ಕಣ್ಣಲ್ಲಿ ನೀರು. ಜೂನ್ ಬಂದರೆ ಅದೇ ಮಗು ಕನ್ನಡ ಮಾತಾಡಿದರೆ ಬೈಸಿಕೊಳ್ಳುವ ಶಾಲೆಗೆ! ಒಂದರಿಂದ ಹತ್ತನೇ ತರಗತಿವರೆಗೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕೆಂದು 2015ರಲ್ಲೇ ಕಾಯ್ದೆಯಾಗಿದೆ. ನಿಮ್ಮ ಅಣ್ಣನ ಮಗಳ ಶಾಲೆಯಲ್ಲಿ ಅದು ನಡೆಯುತ್ತಿದೆಯೇ? ಎಂದಾದರೂ ಕೇಳಿದ್ದೀರಾ?

1791ರಲ್ಲಿ ಮರಾಠಾ ಸೇನೆಯ ಕಡೆಯವರು ಶೃಂಗೇರಿಯನ್ನು ಲೂಟಿ ಮಾಡಿದಾಗ ನೆರವಿಗೆ ಬಂದವನು ಟಿಪ್ಪು. ಅವನ ದರ್ಬಾರಿನ ಭಾಷೆ ಪಾರ್ಸಿ. ಆದರೆ ಮಠಕ್ಕೆ ಬರೆದ ಸುಮಾರು 30 ಪತ್ರಗಳು ಕನ್ನಡದಲ್ಲಿವೆ; 1916ರಲ್ಲಿ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಟಿಪ್ಪುವಿನ ಬಗ್ಗೆ ನೀವು ಏನಾದರೂ ಜಗಳ ಆಡಿಕೊಳ್ಳಿ. ಪಾರ್ಸಿಯ ಸುಲ್ತಾನನಿಗೆ ಇಲ್ಲಿ ಕನ್ನಡ ಬೇಕೆನಿಸಿತು, ನಿಮಗೆ ಬೇಡವಾಯಿತೇ?

ಬಸ್ಸಿನ ಮಾತು ಬಂದಿದ್ದರಿಂದ ಹೇಳಲೇಬೇಕು. ಕೊಪ್ಪದಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಖಾಸಗಿ ಕಂಪನಿ ಬಾಗಿಲು ಹಾಕಿದಾಗ, ಅದರ ಕಾರ್ಮಿಕರು ಬೀದಿಯಲ್ಲಿ ಕೂತು ಅಳಲಿಲ್ಲ. 1991ರಲ್ಲಿ ಸಹಕಾರ ಸಂಘ ಕಟ್ಟಿ ತಾವೇ ಬಸ್ಸು ಓಡಿಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರು! ಅದೇ 'ಸಹಕಾರ ಸಾರಿಗೆ'. ಆಗುಂಬೆ ಸೀಮೆಯ ಮಳೆಯಲ್ಲಿ ಶಾಲೆಯ ಮಕ್ಕಳನ್ನು, ತೋಟದ ಆಳುಗಳನ್ನು, ಸಂತೆಯ ಮೂಟೆಗಳನ್ನು ಹೊತ್ತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಕ್ಕೆ ತಿರುಗಿದ ಬಸ್ಸು. ಕನ್ನಡಿಗರಿಗೆ ಉದ್ಯಮ ಗೊತ್ತಿಲ್ಲವೆಂದು ಮೂದಲಿಸುವವರಿಗೆ ಇಪ್ಪತ್ತೊಂಬತ್ತು ವರ್ಷ ಓಡಿದ ಉತ್ತರ! ಸಾಲ, ನಷ್ಟ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಅದು ನಿಂತಿತು. ಆಗ ನೀವೆಲ್ಲಿದ್ದಿರಿ? ನಾವೂ ಅಷ್ಟೇ ಬಿಡಿ, ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವುದರಲ್ಲಿ ಮಗ್ನರಾಗಿದ್ದೆವು. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಸಂತೋಷ. ಸರ್ಕಾರಿ ಬಸ್ಸೇ ಕಾಣದ ಮಲೆನಾಡ ಹಳ್ಳಿಯ ಹೆಂಗಸಿಗೆ ಉಚಿತ ಟಿಕೆಟ್ಟು ಯಾವ ಸುಖಕ್ಕೆ? ರಾಜಧಾನಿಯಿಂದ ದೇವಿಯ ಬಾಗಿಲಿಗೆ ಮಲಗುವ ಬಸ್ಸು. ಊರಿನ ಹುಡುಗಿ ಕಾಲೇಜಿಗೆ ಹೋಗಲು ಜೀಪಿನ ಹಿಂಬದಿ!

ಮುಂದಿನ ಸಲ ಹಗಲಲ್ಲಿ ಬನ್ನಿ. ಮೊದಲು ನರಸಿಂಹರಾಜಪುರ. ಅದರ ಹಳೆಯ ಹೆಸರು ಎಡೇಹಳ್ಳಿ. ತರೀಕೆರೆಯಿಂದ ಅಲ್ಲಿಗೆ ಹಿಂದೆ ಪುಟ್ಟ ರೈಲು ಓಡುತ್ತಿತ್ತು ಎಂದರೆ ನಂಬುತ್ತೀರಾ? ಈಗ ಮೂರೂ ತಾಲ್ಲೂಕಿಗೆ ಬಸ್ಸೇ ಗತಿ. ಆಮೇಲೆ ಕೊಪ್ಪ. ಆ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದರು. ಕುಪ್ಪಳಿಗೆ ಎಲ್ಲರೂ ಹೋಗುತ್ತೀರಿ, ಇಲ್ಲಿ ಇಳಿದವರು ಎಷ್ಟು ಜನ? ಇಳಿಯಿರಿ. ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯಿರಿ. ಬಸ್ಸು ಯಾಕೆ ನಿಂತಿತೆಂದು ಪಕ್ಕದಲ್ಲಿ ಕೂತವರನ್ನು ಕನ್ನಡದಲ್ಲೇ ಕೇಳಿ. ಆಮೇಲೆ ಹರಿಹರಪುರದ ಮೇಲೆ ಶೃಂಗೇರಿಗೆ ಒಂದು ಟಿಕೆಟ್ ತೆಗೆದುಕೊಳ್ಳಿ.